ಎಕ್ಸ್‌ಜೆಗಳೆಲ್ಲ ಒಂದೇ ತರಹ ಕಾಣುತ್ತವೆ, ಹೌದು

ನನಗೆ ಬ್ರಿಟನ್ನಿನ ಜಾಗ್ವಾರ್ ಕಾರುಗಳ ಹುಚ್ಚು ಎಂದು ಗೊತ್ತಾದವರು ಕೇಳುವ ಪ್ರಶ್ನೆ ಒಂದೇ: “ಜಾಗ್ವಾರ್‌ನವರು ಎಕ್ಸ್‌ಜೆ ಎಂಬ ದೊಡ್ಡ ಕಾರನ್ನು ಐವತ್ತು ವರ್ಷ ಮಾಡಿದರಂತೆ. ಎಲ್ಲವೂ ಒಂದೇ ತರಹ ಇವೆಯಲ್ಲ, ಬದಲಾದದ್ದೇನು?” ಕೇಳುವ ಧಾಟಿಯಲ್ಲೇ ತೀರ್ಪೂ ಇರುತ್ತದೆ: ಬ್ರಿಟಿಷರು ಸೋಮಾರಿಗಳು, ನಾನು ಪೆದ್ದ.

ಒಮ್ಮೆ ಇಂಗ್ಲೆಂಡಿನ ವಾರ್ವಿಕ್‌ಷೈರ್‌ನಲ್ಲಿ ಹಳೆಯ ಕಾರುಗಳ ಜಾತ್ರೆಗೆ ಭಾವನನ್ನು ಕರೆದುಕೊಂಡು ಹೋಗಿದ್ದೆ. 1968ರಲ್ಲಿ ಬಂದ ಮೊದಲ ಸರಣಿಯ ಕಾರಿನ ಪಕ್ಕದಲ್ಲಿ 1979ರಲ್ಲಿ ಬಂದ ಮೂರನೆಯ ಸರಣಿಯದು ನಿಂತಿತ್ತು. ಭಾವ ಎರಡಕ್ಕೂ ಪ್ರದಕ್ಷಿಣೆ ಹಾಕಿ, “ಒಂದನ್ನು ತೊಳೆದಿದ್ದಾರೆ, ಇನ್ನೊಂದನ್ನು ತೊಳೆದಿಲ್ಲ. ಅಷ್ಟೇ ತಾನೇ?” ಎಂದರು.

ಅಲ್ಲ ಭಾವ. ಮೂರನೆಯದರ ಚಾವಣಿಯನ್ನು ಇಟಲಿಯ ವಿನ್ಯಾಸ ಸಂಸ್ಥೆ ಪಿನಿನ್‌ಫರೀನಾದವರು ತಿದ್ದಿ ಬರೆದಿದ್ದಾರೆ. ಮುಂಬಾಗಿಲಿನ ತ್ರಿಕೋನದ ಗಾಜು ಹೋಗಿದೆ, ಹಿಡಿಕೆಗಳು ಬಾಗಿಲಿನ ಮೈಗೆ ಅಂಟಿಕೊಂಡಿವೆ. ಬದಲಾಗದೆ ಉಳಿದದ್ದು ಡಿಕ್ಕಿಯ ಎರಡೂ ಬದಿಗೆ ಮಿರುಗುವ ಪೆಟ್ರೋಲ್ ಮುಚ್ಚಳ. ಟ್ಯಾಂಕ್ ಎರಡು, ಒಂದು ಬರಿದಾದರೆ ಡ್ಯಾಶ್‌ಬೋರ್ಡಿನ ಗುಂಡಿ ಒತ್ತಬೇಕು, ಮುಳ್ಳು ಇನ್ನೊಂದು ಟ್ಯಾಂಕಿನ ಲೆಕ್ಕಕ್ಕೆ ಜಿಗಿಯುತ್ತದೆ. ಭಾವನಿಗೆ ಇಷ್ಟವಾದದ್ದು ಇದೊಂದೇ.

2003ರ ಎಕ್ಸ್‌ಜೆಯ ಇಡೀ ದೇಹ ಅಲ್ಯೂಮಿನಿಯಂ, ರಿವೆಟ್ ಮತ್ತು ಅಂಟಿನಿಂದ ಕೂಡಿಸಿದ್ದು. ಹಿಂದಿನದಕ್ಕಿಂತ ದೊಡ್ಡದಾದರೂ ಹಗುರ. ಮುಖ ಮಾತ್ರ ಹಳೆಯದು, ಹಾಗಾಗಿ ಜನರಿಗೆ ಒಳಗಿನ ಹೊಸತು ಕಾಣಲಿಲ್ಲ. 2009ರಲ್ಲಿ ಜಾಗ್ವಾರ್‌ನ ವಿನ್ಯಾಸಕ ಇಯಾನ್ ಕ್ಯಾಲಮ್ ಮುಖವನ್ನೇ ಬದಲಿಸಿದರು. ಅದೇ ಜನ, “ಇದು ಜಾಗ್ವಾರ್ ತರಹವೇ ಇಲ್ಲ” ಎಂದು ಮೂಗು ಮುರಿದರು. ಹಿಂದಿನ ವರ್ಷವಷ್ಟೇ ಕಂಪನಿಯನ್ನು ಕೊಂಡಿದ್ದ ಟಾಟಾದವರಿಗೂ ಬೈಗುಳ ಬಿತ್ತು. ಇವರನ್ನು ಮೆಚ್ಚಿಸುವುದು ಯಾರಿಗೆ ಸಾಧ್ಯ?

ಯಾರೂ ಕೇಳದ ಪ್ರಶ್ನೆಯೊಂದಿದೆ. ಎಕ್ಸ್‌ಜೆ40 ಎಂಬ ಹೊಚ್ಚಹೊಸ ಕಾರು 1986ರಲ್ಲೇ ಬಂದರೂ ಹಳೆಯ ಮೂರನೆಯ ಸರಣಿಯನ್ನು 1992ರವರೆಗೆ ಏಕೆ ತಯಾರಿಸುತ್ತಿದ್ದರು? ಹಳೆಯದರಲ್ಲಿದ್ದ, ವಿ ಆಕಾರದ ಹನ್ನೆರಡು ಸಿಲಿಂಡರಿನ ದೊಡ್ಡ ವಿ12 ಎಂಜಿನ್ ಹೊಸದರಲ್ಲಿ ಹಿಡಿಸುತ್ತಿರಲಿಲ್ಲ! ಜಾಗ್ವಾರ್ ಬ್ರಿಟಿಷ್ ಲೇಲ್ಯಾಂಡ್ ಎಂಬ ಕಾರು ಕಂಪನಿಗಳ ಗುಂಪಿನ ಅಧೀನದಲ್ಲಿದ್ದಾಗ, ಮೇಲಿನವರು ಅದೇ ಗುಂಪಿನ ರೋವರ್‌ನ ಎಂಟು ಸಿಲಿಂಡರಿನ ವಿ8 ಎಂಜಿನ್ ತಂದು ತುರುಕಿಯಾರೆಂಬ ಭಯಕ್ಕೆ ಎಂಜಿನಿಯರುಗಳು ಬೇಕೆಂದೇ ಎಂಜಿನ್ ಜಾಗವನ್ನು ಕಿರಿದಾಗಿಸಿದರು ಎಂಬುದು ಆ ವಲಯದಲ್ಲಿ ಪ್ರಸಿದ್ಧವಾದ ಕಥೆ. ಎದುರಿನವನಿಗೆ ಅಪಶಕುನವಾಗಲೆಂದು ಮೂಗು ಕೊಯ್ದುಕೊಂಡ ಹಾಗೆ, ಸ್ವಂತದ ವಿ12ಗೂ ಬಾಗಿಲು ಮುಚ್ಚಿತು. ತಮಾಷೆಯೆಂದರೆ, 1984ರಲ್ಲೇ ಜಾಗ್ವಾರ್ ಲೇಲ್ಯಾಂಡ್‌ನಿಂದ ಹೊರಬಿದ್ದಿತ್ತು. ಹೊಸ ಕಾರು ರಸ್ತೆಗಿಳಿಯುವ ಹೊತ್ತಿಗೆ ರೋವರ್ ಎಂಜಿನ್ ತುರುಕುವವರೇ ಇರಲಿಲ್ಲ. ಆದರೂ ಮುಂಭಾಗವನ್ನು ಮತ್ತೆ ಬಿಚ್ಚಿ ಕಟ್ಟಿ ವಿ12ನ್ನು ಒಳಗೆ ಕೂರಿಸುವಷ್ಟರಲ್ಲಿ 1993 ಆಯಿತು.