ಪ್ರಾಕ್ಟೀಸ್‌ಗೆ ಯಾವ ಪಾಯಿಂಟ್ ಟೂ ಟೂ ಪಿಸ್ತೂಲ್ ತಗೋಬೇಕು?

"ಸರ್, ಟಾರ್ಗೆಟ್ ಪ್ರಾಕ್ಟೀಸ್‌ಗೆ ಕಡಿಮೆ ಖರ್ಚಲ್ಲಿ ಆಗೋ ಒಂದು ಪಾಯಿಂಟ್ ಟೂ ಟೂ ಪಿಸ್ತೂಲ್ ಹೇಳ್ರಿ."

ದಾವಣಗೆರೆಯಲ್ಲಿ ನನ್ನನ್ನು ಇದನ್ನು ಕೇಳದವರೇ ಕಡಿಮೆ. ಪಾಯಿಂಟ್ ಟೂ ಟೂ ಅಂದರೆ ಸುಮಾರು 0.22 ಇಂಚು ದಪ್ಪದ ಚಿಕ್ಕ ಗುಂಡು. ಎನ್‌ಸಿಸಿಯಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹೊಡೆದು ರುಚಿ ಹತ್ತಿದ ಹುಡುಗರು, ಮಗಳನ್ನು ಶೂಟಿಂಗ್‌ಗೆ ಸೇರಿಸಬೇಕು ಅನ್ನುವ ಪಿ.ಜೆ. ಬಡಾವಣೆಯ ಅಪ್ಪಂದಿರು, ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು, ಎಲ್ಲರದೂ ಇದೇ ಪ್ರಶ್ನೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲಂತೂ ಇನ್ನೂ ಜಾಸ್ತಿ. ಆದರೆ ಆ ಎರಡೂ ಪದಕ ಬಂದಿದ್ದು ಮದ್ದಿಲ್ಲದೆ ಗಾಳಿಯ ಒತ್ತಡದಿಂದ ಹೊಡೆಯುವ 10 ಮೀಟರ್ ಏರ್ ಪಿಸ್ತೂಲ್‌ನಲ್ಲಿ. ಪಾಯಿಂಟ್ ಟೂ ಟೂ ಹಿಡಿದು ಹೊಡೆಯುವ 25 ಮೀಟರ್‌ನಲ್ಲಿ ಅವರಿಗೆ ನಾಲ್ಕನೇ ಸ್ಥಾನ. ಇದನ್ನು ಹೇಳಿದರೆ ಅರ್ಧ ಜನ ಹೌದಾ ಅಂತಾರೆ.

ನನ್ನ ಉತ್ತರ ಇಷ್ಟೇ. ಮೊದಲು ಏರ್ ಪಿಸ್ತೂಲ್. ಆಮೇಲೆ ಕ್ಲಬ್ಬಿನ ಪಾಯಿಂಟ್ ಟೂ ಟೂ. ಸ್ವಂತದ್ದು ಕೊಳ್ಳುವ ಮಾತು ಅದೂ ಆದ ಮೇಲೆ.

"ಪಾಯಿಂಟ್ ಟೂ ಟೂ ಅಂದ್ರೆ ಅಗ್ಗ ಅಲ್ವಾ?" ಅಂತ ಕೇಳುತ್ತೀರಿ. ಅದು ಅಮೆರಿಕದ ವಿಡಿಯೊಗಳಿಂದ ಬಂದ ಲೆಕ್ಕ. ಅಲ್ಲಿ 9 ಎಂಎಂ ಗುಂಡಿನ ಬೆಲೆಯ ಪಕ್ಕದಲ್ಲಿ ಇಟ್ಟು ನೋಡುತ್ತಾರೆ, ಹಾಗಾಗಿ ಇದು ಅಗ್ಗ. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳಗಿನ ಅಗಲ), ಸಾಮಾನ್ಯ ಜನರಿಗೆ ಸಿಗುವುದೇ ಇಲ್ಲ. ಪಾಯಿಂಟ್ ತರ್ಟಿ ಟೂ ಗುಂಡಿಗೆ ಹೋಲಿಸಿದರೆ ಪಾಯಿಂಟ್ ಟೂ ಟೂ ಅಗ್ಗ, ನಿಜ. ಆದರೆ ನಮ್ಮ ಕೈ ಕಟ್ಟುವುದು ಬೆಲೆ ಒಂದೇ ಅಲ್ಲ. ಒಂದು ಸಲಕ್ಕೆ ಎಷ್ಟು ಕಾಡತೂಸು ಕೊಳ್ಳಬಹುದು, ವರ್ಷಕ್ಕೆ ಎಷ್ಟು ಅಂತ ಲೈಸೆನ್ಸ್‌ನಲ್ಲೇ ಬರೆದಿರುತ್ತದೆ. ಸ್ಪರ್ಧೆಯಲ್ಲಿ ಒಂದು ಮ್ಯಾಚ್‌ಗೇ 60 ಹೊಡೆತ. ಮನಸ್ಸಿಟ್ಟು ಪ್ರಾಕ್ಟೀಸ್ ಮಾಡುವವನ ವರ್ಷದ ಕೋಟಾ ಎಷ್ಟು ವಾರ ಬಂದೀತು, ನೀವೇ ಗುಣಿಸಿ ನೋಡಿ.

ಲೈಸೆನ್ಸ್ ಬೇರೆ ಇದೆಯಲ್ಲ. ಡಿಸಿ ಆಫೀಸಿಗೆ ಅರ್ಜಿ, ಪೊಲೀಸ್ ವರದಿ, ಬಂದೂಕು ಸುರಕ್ಷಿತವಾಗಿ ಬಳಸಲು ಕಲಿತ ಸರ್ಟಿಫಿಕೇಟ್. ವಯಸ್ಸು 21 ಆಗಿರಬೇಕು. ಚುನಾವಣೆ ಬಂತೆಂದರೆ ಠಾಣೆಗೆ ಕೊಟ್ಟು ರಸೀದಿ ತಗೊಂಡು ಬರಬೇಕು. ಕ್ರೀಡಾಪಟುಗಳಿಗೆ ವಿನಾಯಿತಿ ಕೊಡುವುದುಂಟು, ಆದರೆ ಈಗಷ್ಟೇ ಶುರು ಮಾಡಿದವರನ್ನು ಯಾರು ಕ್ರೀಡಾಪಟು ಅಂತಾರೆ?

ಏರ್ ಪಿಸ್ತೂಲ್‌ಗೆ ಈ ರಗಳೆ ಇಲ್ಲ. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಶಕ್ತಿ 20 ಜೂಲ್ ಮೀರದ, ಬೋರ್ ಪಾಯಿಂಟ್ ಒನ್ ಸೆವೆನ್ ಸೆವೆನ್ ಅಂದರೆ 4.5 ಮಿ.ಮೀ. ಮೀರದ ಏರ್ ಗನ್‌ಗೆ ಲೈಸೆನ್ಸ್ ಬೇಡ. ಗುರುತಿನ ಚೀಟಿ ತೋರಿಸಿ ಬಿಲ್ ಇಟ್ಟುಕೊಳ್ಳಿ. ಪೆಲೆಟ್, ಅಂದರೆ ಏರ್ ಗನ್ನಿನ ಪುಟ್ಟ ಗುಂಡು, 500ರ ಡಬ್ಬಿಯಲ್ಲಿ ಸಿಗುತ್ತದೆ, ಯಾರೂ ಎಣಿಸುವುದಿಲ್ಲ. 10 ಮೀಟರ್ ಅಂದರೆ 33 ಅಡಿ. ನಮ್ಮ ಹಳೇ ಮನೆಗಳ ಉದ್ದದ ಪಡಸಾಲೆ, ಇಲ್ಲವೇ ಮೂರು ಕಡೆ ಎತ್ತರದ ಗೋಡೆ ಇರುವ ಮಹಡಿ ಸಾಕು. ಗುರಿಯ ಹಿಂದೆ ಪೆಲೆಟ್ ಹಿಡಿಯುವ ಕಬ್ಬಿಣದ ಪೆಟ್ಟಿಗೆ ಇರಲೇಬೇಕು. ಮಕ್ಕಳು ದಿಢೀರ್ ಅಂತ ನುಗ್ಗುವ ಬಾಗಿಲು ಆ ಕಡೆ ಇರಬಾರದು. 17 ಸೆಂಟಿಮೀಟರ್ ಕಾಗದದಲ್ಲಿ ಹತ್ತರ ವೃತ್ತ 11.5 ಮಿ.ಮೀ., ಅಂಗಿ ಗುಂಡಿಯಷ್ಟು. ಅದಕ್ಕೆ ಒಂದೇ ಕೈಯಲ್ಲಿ ಹೊಡೆಯಬೇಕು. ಇದು ಮಕ್ಕಳಾಟ ಅಂದುಕೊಂಡು ಬಂದವರು ಮೊದಲ ದಿನ ಕಪ್ಪು ವೃತ್ತದೊಳಗೆ ಬೀಳಿಸಲು ಒದ್ದಾಡುತ್ತಾರೆ.

ಪೆಲೆಟ್ ಬ್ಯಾರೆಲ್ ಬಿಡುವಷ್ಟರಲ್ಲಿ ಕೈ ಅಲುಗಿದರೂ ಕಾಗದದ ಮೇಲೆ ಕಾಣುತ್ತದೆ. ಏರ್ ಪಿಸ್ತೂಲ್‌ನಲ್ಲಿ ನೆಪ ಹೇಳುವುದಕ್ಕೆ ಸದ್ದೂ ಇಲ್ಲ, ಒದೆತವೂ ಇಲ್ಲ. ನನ್ನ ಮಟ್ಟಿಗೆ ಟ್ರಿಗರ್ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆ ಮೇಷ್ಟ್ರಿಲ್ಲ. ಸಿಲಿಂಡರಿನ ಗಾಳಿಯಿಂದ ನಡೆಯುವ ಸ್ಟಾಯರ್, ಮೊರಿನಿ, ವಾಲ್ಥರ್ ಮ್ಯಾಚ್ ಪಿಸ್ತೂಲ್‌ಗಳು ಲಕ್ಷ ದಾಟುತ್ತವೆ. ಶುರುವಿಗೆ ಬೇಡ. ಹಳೇದು ಸಿಕ್ಕರೆ ಸಿಲಿಂಡರಿನ ತಾರೀಖು ನೋಡಿ ತಗೊಳ್ಳಿ, ಅವಧಿ ಮುಗಿದ ಸಿಲಿಂಡರ್ ತುಂಬಿಸಬಾರದು.

ಈಗ ಪಾಯಿಂಟ್ ಟೂ ಟೂ ವಿಷಯ. ಹೊಡೆದು ಮುಗಿದ ಕಾಡತೂಸಿನ ಒಂದು ಖಾಲಿ ಕೇಸನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ. ತಳದ ನಡುವೆ ಏನೂ ಇಲ್ಲ. ಪೆಟ್ಟಿನ ಗುರುತು ಇರುವುದು ಅಂಚಿನಲ್ಲಿ, ಉಗುರಿನಿಂದ ಒತ್ತಿದ ಹಾಗೆ. ಬೇರೆ ಕಾಡತೂಸುಗಳಲ್ಲಿ ನಡುವೆ ಕ್ಯಾಪ್ ಕೂರುತ್ತದೆ. ಇದರಲ್ಲಿ ಸಿಡಿಯುವ ಮದ್ದು ಅಂಚಿನ ಮಡಿಕೆಯೊಳಗೇ ಇರುತ್ತದೆ. ರಿಮ್‌ಫೈರ್ ಅನ್ನುವುದು ಇದಕ್ಕೇ. ತಯಾರಿಸುವುದು ಸುಲಭ, ಅದಕ್ಕೇ ಅಗ್ಗ. ಮತ್ತೆ ತುಂಬಲು ಬರುವುದಿಲ್ಲ. ಅಂಚಿನಲ್ಲಿ ಮದ್ದು ಒಂದೇ ಸಮ ಹರಡದಿದ್ದರೆ ಟಕ್ ಅಂದು ಸುಮ್ಮನಾಗುತ್ತದೆ. ಆಗ ಪಿಸ್ತೂಲ್ ತಿರುಗಿಸಿ ಮೂತಿ ನೋಡಲು ಹೋಗಬೇಡಿ. ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು ಆಮೇಲೆ ತೆಗೆಯಿರಿ. ಇನ್ನೊಂದು ವಿಷಯ. ಮ್ಯಾಚ್ ಏರ್ ಪಿಸ್ತೂಲ್‌ನಲ್ಲಿ ಮಾಡಿದ ಹಾಗೆ ಇದರಲ್ಲಿ ಖಾಲಿ ಟ್ರಿಗರ್ ಒತ್ತುತ್ತಾ ಕೂರಬಾರದು. ಕಾಡತೂಸು ಇಲ್ಲದಿದ್ದರೆ ಹಲವು ಪಿಸ್ತೂಲ್‌ಗಳಲ್ಲಿ ಕಾಡತೂಸಿಗೆ ಬಡಿಯುವ ಪಿನ್ ನೇರ ಚೇಂಬರಿನ (ಕಾಡತೂಸು ಕೂರುವ ಜಾಗದ) ಅಂಚಿಗೆ ಬಡಿದು ಗುಳಿ ಬೀಳುತ್ತದೆ.

ಕ್ಲಬ್ಬಿನಲ್ಲಿ ಆರಿಸುವಾಗ ಹೆಸರು ನೋಡುವ ಮುಂಚೆ ಹಿಡಿ ನೋಡಿ. ಮರದ ಹಿಡಿ ಅಂಗೈ ತುಂಬಬೇಕು. ಕಣ್ಣು ಮುಚ್ಚಿ ತೋಳು ಚಾಚಿ, ಆಮೇಲೆ ಕಣ್ಣು ಬಿಡಿ. ಗುರಿ ನೋಡುವ ಮುಂದಿನ ಸೈಟ್ ಹಿಂದಿನ ಸೈಟಿನ ನಡುವೆ ತಾನಾಗಿಯೇ ನಿಂತಿದ್ದರೆ ಅದು ನಿಮ್ಮ ಪಿಸ್ತೂಲ್. ಒಂದು ಪಕ್ಕಕ್ಕೆ ಸರಿದಿದ್ದರೆ ಮಣಿಕಟ್ಟು ತಿರುಚಿ ಸರಿಮಾಡಬೇಡಿ. ಹಿಡಿಯನ್ನು ಅರದಿಂದ ಉಜ್ಜಿ, ಬೇಕಾದ ಕಡೆ ಪುಟ್ಟಿ ಮೆತ್ತಿ ಸರಿಮಾಡಬಹುದು. ಒಳ್ಳೆ ಶೂಟರ್‌ಗಳ ಹಿಡಿ ನೋಡಿದರೆ ತೇಪೆ ಹಾಕಿದ್ದೇ ಕಾಣುತ್ತದೆ. ಎಡಗೈಯವರಿಗೆ ಹಿಡಿಯೇ ಬೇರೆ, ಅಂಗಡಿಯವರು ನಡೆಯುತ್ತೆ ಅಂದರೂ ನಂಬಬೇಡಿ. ಆಮೇಲೆ ಟ್ರಿಗರ್. 25 ಮೀಟರ್ ಸ್ಪರ್ಧೆಯಲ್ಲಿ ಬ್ಯಾರೆಲ್ ನೆಟ್ಟಗೆ ಮೇಲಕ್ಕೆ ನಿಲ್ಲಿಸಿ, ಟ್ರಿಗರ್‌ಗೆ ಒಂದು ಕಿಲೋ ತೂಕ ಸಿಕ್ಕಿಸಿ ಎತ್ತಿಸುತ್ತಾರೆ. ಎತ್ತಲಿಲ್ಲ ಅಂದರೆ ಮ್ಯಾಚ್ ಇಲ್ಲ. ಪಿಸ್ತೂಲ್ 1400 ಗ್ರಾಂ ಮೀರುವಂತಿಲ್ಲ. ಇದಾದ ಮೇಲೆ, ಸಿಗುವ ಎರಡು ಮೂರು ಕಂಪನಿಯ ಗುಂಡು ಹೊಡೆದು ನೋಡಿ. ಒಂದು ಬ್ಯಾರೆಲ್‌ಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ.

ಬ್ರ್ಯಾಂಡ್ ಕೇಳಿದರೆ, ಪಾರ್ಡಿನಿ, ವಾಲ್ಥರ್ ಸ್ಪರ್ಧೆಯವರ ಕೈಯಲ್ಲಿ ಹೆಚ್ಚು ಕಾಣುತ್ತವೆ. ಸ್ಕೋರ್ ಆಧಾರದ ಮೇಲೆ ಮಾನ್ಯತೆ ಪಡೆದ ಶೂಟರ್‌ಗಳು ಮಾತ್ರ ಸ್ವಂತ ಬಳಕೆಗೆ ಆಮದು ಮಾಡಿಕೊಳ್ಳಬಹುದು. ವಿಡಿಯೊದಲ್ಲಿ ನೋಡಿದ ರೂಗರ್ ಮಾರ್ಕ್ ಫೋರ್, ಬ್ರೌನಿಂಗ್ ಬಕ್ ಮಾರ್ಕ್ ಆಸೆ ಬಿಡಿ. ಪಶ್ಚಿಮ ಬಂಗಾಳದಲ್ಲಿರುವ ನಮ್ಮ ಇಶಾಪುರ ಬಂದೂಕು ಕಾರ್ಖಾನೆಯ ನಿಡರ್ ಅನ್ನುವ ಪಾಯಿಂಟ್ ಟೂ ಟೂ ರಿವಾಲ್ವರ್ ಸಿಗುತ್ತದಲ್ಲ ಅಂತಾರೆ ಕೆಲವರು. ಅದು ಜೇಬಿನಲ್ಲಿ ಇಟ್ಟುಕೊಳ್ಳಲು ಮಾಡಿದ್ದು. ಅಷ್ಟು ಗಿಡ್ಡ ಬ್ಯಾರೆಲ್ ಹಿಡಿದು 25 ಮೀಟರ್‌ನಲ್ಲಿ ಪ್ರಾಕ್ಟೀಸ್ ಮಾಡುವುದು ಸುಮ್ನೆ ಗುಂಡು ದಂಡ.

ಕೊನೆಗೆ ಅಡಿಕೆ ಬೆಳೆಗಾರರಿಗೆ. ತೋಟದ ಮೂಲೆಯಲ್ಲಿ ಬಾಟಲಿ ಇಟ್ಟು ಹೊಡೆಯಬಹುದಾ ಅಂತ ಕೇಳುತ್ತೀರಲ್ಲ, ಬೇಡ. ಇದು ಚಿಕ್ಕ ಗುಂಡು, ನಿಜ, 40 ಗ್ರೇನ್, ಎರಡೂವರೆ ಗ್ರಾಂ ಚಿಲ್ಲರೆ. ಆದರೂ ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ಅಷ್ಟರೊಳಗೆ ಯಾರ ಮನೆ ಇದೆಯೋ, ಯಾರು ನೀರು ಕಟ್ಟುತ್ತಿದ್ದಾರೋ. ಗುಂಡು ತಡೆಯುವ ಮಣ್ಣಿನ ದಿಬ್ಬ ಇರುವ ರೇಂಜ್‌ನಲ್ಲಿ ಮಾತ್ರ ಹೊಡೆಯಬೇಕು, ಅದಕ್ಕಾಗಿ ಬೆಂಗಳೂರಿಗೇ ಹೋಗಬೇಕಾದರೂ ಸರಿ. ಇನ್ನು ಕಾಡುಹಂದಿಗೆ ಇದೇ ಪಿಸ್ತೂಲ್ ಆಗುತ್ತಾ ಅನ್ನುವವರಿಗೂ ಅದೇ ಉತ್ತರ. ಹಂದಿ ಸಾಯುವುದಿಲ್ಲ, ಗಾಯ ಮಾಡಿಕೊಂಡು ನಿಮ್ಮ ಮೇಲೇ ನುಗ್ಗುತ್ತದೆ. ಹಂದಿ ಕಾಟ ಇದ್ದರೆ ಅರ್ಜಿ ಹಿಡಿದು ಅರಣ್ಯ ಇಲಾಖೆಗೆ ಹೋಗಿ.