“ಮೊದಲಿಗೆ ಯಾವ ಬೋರ್ಡ್ ಗೇಮ್ ತಗೊಳ್ಳೋದು?” ಅಂತ ಕೇಳುವವರಿಗೆ

ಲೂಡೋ, ಯೂನೋ, ಮೊನೊಪಲಿ ಆಡಿ ಆಡಿ ಸಾಕಾದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಶನಿವಾರ ಫ್ರೆಂಡ್ಸ್ ಎಲ್ಲ ಮನೆಗೆ ಬರ್ತಿದ್ದಾರೆ. ಈ ಹೊಸ ಥರದ ಸ್ಟ್ರಾಟಜಿ ಗೇಮ್ ಏನಾದ್ರೂ ಆಡೋಣ ಅಂತ. ಕಟಾನ್ ತಗೊಳ್ಳಲಾ?”

ಬೇಡ. ಕಟಾನ್ ಕೆಟ್ಟ ಆಟ ಅಂತಲ್ಲ, ಮೊದಲ ಸಂಜೆಗೆ ಒಗ್ಗುವುದಿಲ್ಲ, ಅಷ್ಟೇ. ಮೊದಲು ಸಿಕ್ಸ್ ನಿಮ್ಟ್ ಅನ್ನುವ ಕಾರ್ಡ್ ಆಟ ಆಡಿ, ಆಮೇಲೆ ರೈಲು ಹಳಿ ಹಿಡಿಯುವ ಟಿಕೆಟ್ ಟು ರೈಡ್. ಮೊದಲನೆಯದಕ್ಕೆ ಎರಡು ಪ್ಯಾಕ್ ಇಸ್ಪೀಟೆಲೆಯ ದುಡ್ಡು ಸಾಕು.

ಹೀಗೆ ಹೇಳಲು ಕಾರಣ ನಮ್ಮ ಬೆಂಗಳೂರಿನ ಸಂಜೆಗಳೇ. ಏಳು ಗಂಟೆಗೆ ನಾಲ್ಕು ಜನ ಬರುತ್ತೇವೆ ಅಂದಿರುತ್ತಾರೆ. ಏಳಕ್ಕೆ ಇಬ್ಬರು ಬಂದಿರುತ್ತಾರೆ, ಒಬ್ಬರು ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಹಾಕಿಕೊಂಡಿರುತ್ತಾರೆ, ನಾಲ್ಕನೆಯವರು ಎಂಟಕ್ಕೆ ತಮ್ಮ ಕಸಿನ್‌ನನ್ನೂ ಕರೆದುಕೊಂಡು ಬರುತ್ತಾರೆ. ಹತ್ತೂವರೆ ಆಗುತ್ತಿದ್ದ ಹಾಗೆ ಮೆಟ್ರೋ ಹಿಡಿಯಬೇಕಾದವರು ಎದ್ದು ನಿಲ್ಲುತ್ತಾರೆ. ಕಟಾನ್ ಡಬ್ಬಿಯಲ್ಲಿರುವುದು ಮೂರರಿಂದ ನಾಲ್ಕು ಜನರ ಆಟ. ಐದನೆಯವರು ಬಂದರೆ ಎಕ್ಸ್‌ಟೆನ್ಶನ್ ಡಬ್ಬಿಯನ್ನು ಬೇರೆ ಕೊಳ್ಳಬೇಕು. ಹೊಸಬರು ನಾಲ್ವರಿದ್ದರೆ ಎರಡು ಗಂಟೆ ಹಿಡಿಯುವುದು ಮಾಮೂಲು. ಹಾಗಾಗಿ ಆಟ ಆರಿಸುವ ಮೊದಲು ನೋಡಬೇಕಾದ್ದು ಎಷ್ಟು ಜನ, ಎಷ್ಟು ಹೊತ್ತು ಅನ್ನುವುದನ್ನು. ಎಷ್ಟು ಫೇಮಸ್ ಅನ್ನುವುದು ಆಮೇಲೆ.

ಸಿಕ್ಸ್ ನಿಮ್ಟ್ ಅನ್ನು ವೋಲ್ಫ್‌ಗಾಂಗ್ ಕ್ರಾಮರ್ ಮಾಡಿದ್ದು, 1994ರ ಜರ್ಮನ್ ಆಟ. ಇಬ್ಬರಿಂದ ಹತ್ತು ಜನ ಆಡಬಹುದು. ಇರುವುದು 1ರಿಂದ 104ರವರೆಗೆ ನಂಬರ್ ಬರೆದ ಕಾರ್ಡ್ ಮಾತ್ರ. ಇಸ್ಪೀಟಿನ ಎರಡು ಪ್ಯಾಕ್ ಸೇರಿಸಿದರೂ ಜೋಕರ್ ಬಿಟ್ಟು ಸರಿಯಾಗಿ 104 ಆಗುತ್ತದೆ! ಒಂದೇ ಕಂಪನಿಯ, ಹಿಂಬದಿಯ ಬಣ್ಣವೂ ಒಂದೇ ಇರುವ ಎರಡು ಪ್ಯಾಕ್ ತನ್ನಿ. ಒಂದು ಕೆಂಪು ಒಂದು ನೀಲಿ ಆದರೆ ಹಿಂದಿನಿಂದಲೇ ಗುಟ್ಟು ರಟ್ಟಾಗುತ್ತದೆ. ಪ್ಯಾಕ್‌ಗಳನ್ನು ಬೆರೆಸಿ, ಪರ್ಮನೆಂಟ್ ಮಾರ್ಕರ್‌ನಲ್ಲಿ ಎರಡು ಎದುರುಬದುರು ಮೂಲೆಗಳಲ್ಲಿ ನಂಬರ್ ಬರೆಯಿರಿ. ಸ್ಕೆಚ್ ಪೆನ್ ಬೇಡ, ಪ್ಲಾಸ್ಟಿಕ್ ಲೇಪದ ಮೇಲೆ ಅದು ಬೆರಳಿಗೇ ಮೆತ್ತಿಕೊಳ್ಳುತ್ತದೆ. ವೈಟ್ನರ್ ಹಚ್ಚಿ ಅದರ ಮೇಲೆ ಬರೆಯುವುದೂ ಬೇಡ, ಕಲೆಸುವಾಗ ಉದುರುತ್ತದೆ. 6 ಮತ್ತು 9 ಇರುವ ಎಲ್ಲ ನಂಬರ್‌ಗೂ ಅಡಿಗೆರೆ ಎಳೆಯಿರಿ. 66 ತಲೆಕೆಳಗಾದರೆ 99, 68 ಆದರೆ 89, 16 ಆದರೆ 91. 18 ಮತ್ತು 81 ಕೂಡ ಹಾಗೇ. (ಕನ್ನಡ ಅಂಕಿ ಬರೆದರೆ ಈ ತಾಪತ್ರಯ ಇರಲ್ಲ ಅಂದುಕೊಳ್ಳಬೇಡಿ, ೬ ಮತ್ತು ೯ ಅವಸರದಲ್ಲಿ ಇನ್ನೂ ಹೆಚ್ಚು ಕಾಡುತ್ತವೆ.) ಉಳಿದ ಜೋಕರ್‌ಗಳನ್ನು ಎಸೆಯಬೇಡಿ. ಕಾರ್ಡ್ ಕಳೆದುಹೋದಾಗ ಅದರ ನಂಬರ್ ಬರೆದುಕೊಳ್ಳಲು ಬೇಕಾಗುತ್ತವೆ.

ಆಟ ಹೀಗೆ. ಒಬ್ಬೊಬ್ಬರಿಗೆ ಹತ್ತು ಕಾರ್ಡ್. ನಾಲ್ಕು ಕಾರ್ಡನ್ನು ಮೇಜಿನ ಮೇಲೆ ಒಂದರ ಕೆಳಗೊಂದು ತೆರೆದಿಡಿ, ಅವು ನಾಲ್ಕು ಸಾಲುಗಳ ಶುರು. ಎಲ್ಲರೂ ಒಂದೊಂದು ಕಾರ್ಡ್ ಆರಿಸಿ ಮುಚ್ಚಿಟ್ಟು ಒಟ್ಟಿಗೇ ತೆರೆಯಬೇಕು. ಅತಿ ಚಿಕ್ಕ ನಂಬರಿನಿಂದ ಶುರುಮಾಡಿ ಒಂದೊಂದನ್ನೇ ಸಾಲಿಗೆ ಸೇರಿಸುತ್ತಾ ಬರಬೇಕು. ಯಾವ ಸಾಲಿನ ಕೊನೆಯ ನಂಬರ್ ನಿಮ್ಮದಕ್ಕಿಂತ ಚಿಕ್ಕದಾಗಿದ್ದು ಅತಿ ಹತ್ತಿರವೋ ಆ ಸಾಲಿಗೇ ಹೋಗಬೇಕು. ಸಾಲುಗಳು 12, 37, 58, 90ರಲ್ಲಿ ನಿಂತಿವೆ ಅನ್ನಿ. ನಿಮ್ಮ 40 ಹೋಗುವುದು 37ರ ಪಕ್ಕಕ್ಕೆ. ಸಾಲಿನಲ್ಲಿ ಆಗಲೇ ಐದು ಕಾರ್ಡಿದ್ದು ನಿಮ್ಮದು ಆರನೆಯದಾದರೆ ಆ ಐದೂ ನಿಮ್ಮ ತಲೆಗೆ, ನಿಮ್ಮ ಕಾರ್ಡ್ ಹೊಸ ಸಾಲಿನ ಮೊದಲನೆಯದು. ನೀವು 5 ಹಾಕಿದರೆ ಅದು ಯಾವ ಸಾಲಿಗೂ ಹೊಂದುವುದಿಲ್ಲ, ಆಗ ನಿಮಗಿಷ್ಟವಾದ ಒಂದು ಸಾಲನ್ನು ಎತ್ತಿಕೊಳ್ಳಬೇಕು. ಎತ್ತಿಕೊಂಡ ಕಾರ್ಡ್‌ಗಳೆಲ್ಲ ದಂಡ: 5ರಲ್ಲಿ ಮುಗಿಯುವ ನಂಬರಿಗೆ 2, ಹತ್ತರ ಗುಣಕಕ್ಕೆ 3, ಹನ್ನೊಂದರ ಗುಣಕಕ್ಕೆ 5, ಒಂಟಿ 55ಕ್ಕೆ 7, ಉಳಿದವಕ್ಕೆ 1. ಯಾರಾದರೂ 66 ಮುಟ್ಟುವವರೆಗೆ ಆಟ, ಕಡಿಮೆ ದಂಡದವರು ಗೆದ್ದಂತೆ.

ಮೊದಲ ಸುತ್ತಿನಲ್ಲಿ ಇದು ಬರೀ ಅದೃಷ್ಟ ಅನಿಸುತ್ತದೆ. ಮೂರನೆಯ ಸುತ್ತಿಗೆ ಜನ ಯೋಚನೆ ಮಾಡುವುದು ಶುರುವಾಗುತ್ತದೆ. ಇನ್ನೂ ಚುರುಕಾಗಬೇಕಿದ್ದರೆ ಜನರ ಲೆಕ್ಕಕ್ಕೆ ಸರಿಯಾಗಿ ಕಾರ್ಡ್ ಇಳಿಸಿ: ನಾಲ್ವರಿದ್ದರೆ 1ರಿಂದ 44 ಮಾತ್ರ. ಆಗ ಹಂಚಿದ ಮೇಲೆ ಒಂದು ಕಾರ್ಡೂ ಉಳಿಯುವುದಿಲ್ಲ, ಯಾವ್ಯಾವ ನಂಬರ್ ಇನ್ನೂ ಹೊರಗೆ ಬಂದಿಲ್ಲ ಎಂದು ಲೆಕ್ಕ ಹಾಕಬಹುದು. ತಡವಾಗಿ ಬಂದವರನ್ನು ಮುಂದಿನ ಸುತ್ತಿಗೆ ಸೇರಿಸಿಕೊಳ್ಳಬಹುದು, ಈವರೆಗಿನ ದಂಡದ ಸರಾಸರಿ ಕೊಟ್ಟರಾಯಿತು. ಮೊದಲ ಆಟವಾಗಿ ಇದನ್ನೇ ಹೇಳುವುದಕ್ಕೆ ಈ ಅನುಕೂಲವೇ ದೊಡ್ಡ ಕಾರಣ.

ಎಲ್ಲರೂ ಬಂದು ಕೂತ ಮೇಲೆ ಟಿಕೆಟ್ ಟು ರೈಡ್. ಅಲನ್ ಮೂನ್ ಮಾಡಿದ್ದು, 2004ರಲ್ಲಿ ಜರ್ಮನಿಯ ‘ವರ್ಷದ ಆಟ’ ಪ್ರಶಸ್ತಿ ಪಡೆದದ್ದು, ಇಬ್ಬರಿಂದ ಐವರಿಗೆ. ಸರದಿ ಬಂದಾಗ ಮಾಡುವುದು ಮೂರರಲ್ಲಿ ಒಂದನ್ನು: ಬಣ್ಣದ ಕಾರ್ಡ್ ತೆಗೆದುಕೊಳ್ಳುವುದು, ಕಾರ್ಡ್ ಕೊಟ್ಟು ಎರಡು ಊರಿನ ನಡುವೆ ರೈಲು ಇಡುವುದು, ಇಲ್ಲವೇ ಹೊಸ ಟಿಕೆಟ್ (ಯಾವ ಎರಡು ಊರುಗಳನ್ನು ಸೇರಿಸಬೇಕು ಎಂದು ಹೇಳುವ ಕಾರ್ಡ್) ಎತ್ತುವುದು. ಕಲಿಸಲು ಹತ್ತು ನಿಮಿಷ ಸಾಕು.

ಕಲಿಸುವ ಕ್ರಮ ಮುಖ್ಯ. ನಿಯಮದ ಪುಸ್ತಕವನ್ನು ಜೋರಾಗಿ ಓದಿದರೆ ಎರಡನೇ ಪುಟಕ್ಕೆ ಎಲ್ಲರ ಕೈಗೂ ಮೊಬೈಲ್ ಬಂದಿರುತ್ತದೆ. ಗೆಲ್ಲುವುದು ಹೇಗೆ ಎಂದು ಮೊದಲು ಹೇಳಿ, ಸರದಿಯಲ್ಲಿ ಏನು ಮಾಡಬಹುದು ಎಂದು ಆಮೇಲೆ, ಆಟ ಯಾವಾಗ ಮುಗಿಯುತ್ತದೆ ಎಂದು ಮೂರನೆಯದಾಗಿ. ವಿನಾಯಿತಿಗಳನ್ನು ಅವು ಎದುರಾದಾಗ ಹೇಳಿದರೆ ಸಾಕು. ಹಾಗೆ ಹೇಳಲು ನಿಮಗೆ ಆಟ ಗೊತ್ತಿರಬೇಕಲ್ಲ, ಹಿಂದಿನ ದಿನ ಒಬ್ಬರೇ ಕೂತು ಎರಡೂ ಕೈಯನ್ನು ನೀವೇ ಆಡಿ ಐದಾರು ಸರದಿ ನಡೆಸಿ. ನೆನಪಿಡಿ, ಹೊಸಬರ ಸಂಜೆ ಹಾಳಾಗುವುದು ಆಟದ ದೆಸೆಯಿಂದಲ್ಲ, ತಾವೇ ಅಲ್ಲಿ ಕೂತು ಕಲಿಯುತ್ತಾ ಬೇರೆಯವರಿಗೆ ಕಲಿಸಲು ಹೊರಡುವವರಿಂದ.

ಟಿಕೆಟ್ ಟು ರೈಡ್‌ನಲ್ಲಿ ಜನ ಎಡವುವ ಜಾಗಗಳು ಗೊತ್ತಿರುವಂಥವೇ. ಸರದಿಗೆ ಎರಡು ಕಾರ್ಡ್ ತೆಗೆಯಬಹುದು, ಆದರೆ ತೆರೆದಿಟ್ಟ ಐದರಲ್ಲಿ ಲೋಕೊಮೋಟಿವ್ (ಯಾವ ಬಣ್ಣಕ್ಕೂ ಸಲ್ಲುವ ಎಂಜಿನ್ ಕಾರ್ಡ್) ಎತ್ತಿದರೆ ಅದೊಂದೇ. ಮುಚ್ಚಿಟ್ಟ ಗುಡ್ಡೆಯಿಂದ ಲೋಕೊಮೋಟಿವ್ ಬಂದರೆ ಅದೃಷ್ಟ, ಇನ್ನೊಂದು ಎತ್ತಬಹುದು. ಪಕ್ಕಪಕ್ಕದ ಜೋಡಿ ಹಳಿಗಳಲ್ಲಿ ಎರಡನ್ನೂ ಒಬ್ಬರೇ ಹಿಡಿಯುವಂತಿಲ್ಲ, ಇಬ್ಬರು-ಮೂವರ ಆಟದಲ್ಲಂತೂ ಒಂದು ಹಿಡಿದರೆ ಇನ್ನೊಂದು ಬಂದ್. ಈ ಕೊನೆಯ ನಿಯಮ ಮರೆತರೆ ಇಬ್ಬರ ಆಟದಲ್ಲಿ ಯಾರಿಗೂ ಯಾರೂ ಅಡ್ಡಬರುವುದಿಲ್ಲ, ಆಟ ಸಪ್ಪೆ. ಟಿಕೆಟ್ ಪೂರ್ತಿಯಾಗದಿದ್ದರೆ ಅದರ ಪಾಯಿಂಟ್ ಕಳೆಯುತ್ತದೆ: ಲಾಸ್ ಏಂಜಲೀಸ್‌-ನ್ಯೂಯಾರ್ಕ್ ಟಿಕೆಟ್ 21 ಪಾಯಿಂಟಿನದು, ಮುಗಿಸದವರಿಗೂ ಮುಗಿಸಿದವರಿಗೂ ನಡುವೆ 42ರ ಅಂತರ. ಶುರುವಿನಲ್ಲಿ ಸಿಗುವ ಮೂರು ಟಿಕೆಟ್‌ನಲ್ಲಿ ಕನಿಷ್ಠ ಎರಡು ಇಟ್ಟುಕೊಳ್ಳಬೇಕು. ಒಂದೇ ದಿಕ್ಕಿಗೆ ಹೋಗುವ ಎರಡನ್ನು ಇಟ್ಟುಕೊಂಡರೆ ಹಳಿ ಹಂಚಿಕೊಳ್ಳುತ್ತವೆ.

ಉದ್ದದ ಹಳಿಗಳ ಮೇಲೆ ಕಣ್ಣಿರಲಿ. ಒಂದು ರೈಲು ಹಿಡಿಯುವ ಹಳಿಗೆ 1 ಪಾಯಿಂಟ್, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 7, ಐದಕ್ಕೆ 10, ಆರಕ್ಕೆ 15. ಹೊಸಬರು ಚಿಕ್ಕ ಚಿಕ್ಕ ಹಳಿ ಹಿಡಿದು ಟಿಕೆಟ್ ಎಲ್ಲ ಮುಗಿಸಿಯೂ ಸೋಲುವುದು ಇದಕ್ಕೇ. ಇನ್ನೊಂದು ತಪ್ಪು, ಕಾರ್ಡ್ ಕೂಡಿಹಾಕುತ್ತಲೇ ಇರುವುದು. ಯಾರ ಬಳಿಯಾದರೂ ರೈಲು ಎರಡು ಅಥವಾ ಅದಕ್ಕಿಂತ ಕಡಿಮೆ ಉಳಿದರೆ ಎಲ್ಲರಿಗೂ ಇನ್ನೊಂದೇ ಸರದಿ. ಕೈತುಂಬ ಕಾರ್ಡಿದ್ದರೂ ಆಗ ಅವು ರದ್ದಿ.

ಇಂಡಿಯಾ ಮ್ಯಾಪ್ ಇದೆಯಲ್ಲ, ಅದನ್ನೇ ಕೊಳ್ಳೋಣ ಅನ್ನುವವರು ಒಂದು ವಿಷಯ ಗಮನಿಸಿ. 2011ರಲ್ಲಿ ಬಂದ ಅದು ಬರೀ ಮ್ಯಾಪ್ ಕಲೆಕ್ಷನ್. ರೈಲುಗಳೂ ಬಣ್ಣದ ಕಾರ್ಡುಗಳೂ ಮೂಲ ಡಬ್ಬಿಯಿಂದಲೇ ಬರಬೇಕು.

ಕಟಾನ್‌ಗೆ ಬರೋಣ. ಕ್ಲೌಸ್ ಟಾಯ್ಬರ್ ಅವರ 1995ರ ಈ ಆಟದಲ್ಲಿ ತಪ್ಪು ಆಗುವುದು ಶುರುವಿನ ಐದು ನಿಮಿಷದಲ್ಲೇ, ಅದರ ಬೆಲೆ ತೆರುವುದು ಮುಂದಿನ ಎರಡು ಗಂಟೆ. ದಾಳದಲ್ಲಿ ಬಿದ್ದ ನಂಬರ್ ಯಾವ ಟೈಲ್ ಮೇಲಿದೆಯೋ ಅದರ ಮೂಲೆಯಲ್ಲಿ ಮನೆ ಇರುವವರಿಗೆ ಸರಕಿನ ಕಾರ್ಡ್ ಸಿಗುತ್ತದೆ. ಎರಡು ದಾಳದಲ್ಲಿ 36 ಬಗೆ. ಅದರಲ್ಲಿ 6 ಬೀಳುವುದು 5 ಬಗೆಯಲ್ಲಿ, 8 ಕೂಡ 5, 2 ಮತ್ತು 12 ಒಂದೊಂದು ಬಗೆಯಲ್ಲಿ. ನಂಬರ್ ಟೋಕನ್ ಮೇಲಿನ ಚುಕ್ಕಿಗಳು ಹೇಳುವುದು ಇದನ್ನೇ. ಮೊದಲ ಮನೆ ಇಡುವಾಗ ಸುತ್ತಲಿನ ಮೂರು ಟೈಲ್‌ನ ಚುಕ್ಕಿ ಕೂಡಿ ಹತ್ತಕ್ಕಿಂತ ಕಡಿಮೆಯಿದ್ದರೆ ಬೇರೆ ಜಾಗ ನೋಡಿ. ಇದನ್ನು ತಿಳಿಯದವರು ಸಮುದ್ರದ ಅಂಚು ಚೆನ್ನಾಗಿದೆ ಎಂದು 3, 12ರ ಮಧ್ಯೆ ಕೂತು ಬೇರೆಯವರು ಊರು ಕಟ್ಟುವುದನ್ನು ನೋಡುತ್ತಿರಬೇಕಾಗುತ್ತದೆ. ಅವರು ಮತ್ತೆ ಆಡಲು ಬರುವುದಿಲ್ಲ. ಕಟಾನ್ ಆಡಿಯೇ ಸಿದ್ಧ ಅನ್ನುವುದಾದರೆ ನಿಯಮದ ಪುಸ್ತಕದಲ್ಲಿ ಹೊಸಬರಿಗೆಂದೇ ಮನೆಗಳ ಸಮೇತ ಕೊಟ್ಟಿರುವ ನಕ್ಷೆಯನ್ನೇ ಹಾಕಿ. 7 ಬಿದ್ದಾಗ ದಾಳ ಹಾಕಿದವರಷ್ಟೇ ಅಲ್ಲ, ಏಳಕ್ಕಿಂತ ಹೆಚ್ಚು ಕಾರ್ಡ್ ಇರುವ ಎಲ್ಲರೂ ಅರ್ಧ ಹಿಂದಿರುಗಿಸಬೇಕು, 9 ಇದ್ದರೆ 4. ಮತ್ತೆ, ವ್ಯಾಪಾರ ನಡೆಯುವುದು ಯಾರ ಸರದಿಯೋ ಅವರ ಜತೆ ಮಾತ್ರ. “ನೀನು ಕುರಿ ಕೊಡು, ನಾನು ಇಟ್ಟಿಗೆ ಕೊಡ್ತೀನಿ” ಎಂದು ಉಳಿದಿಬ್ಬರು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಳ್ಳುವಂತಿಲ್ಲ.

ಆರೇಳು ಜನರಿದ್ದು, ಎಲ್ಲರಿಗೂ ಕನ್ನಡ ಬರುತ್ತದೆ ಎಂದಾದರೆ, ಎರಡು ತಂಡಗಳು ಸುಳಿವು ಹಿಡಿದು ತಮ್ಮ ತಮ್ಮ ಪದ ಹುಡುಕುವ ಕೋಡ್‌ನೇಮ್ಸ್‌ ಅನ್ನು ಕನ್ನಡದಲ್ಲೇ ಮಾಡಿಕೊಳ್ಳಿ. ಹಳೇ ಮದುವೆ ಕಾಗದಗಳನ್ನು ಕತ್ತರಿಸಿ ನೂರು ಚೀಟಿ, ಚೀಟಿಗೊಂದು ನಾಮಪದ. ಒಂದಕ್ಕಿಂತ ಹೆಚ್ಚು ಅರ್ಥ ಇರುವ ಪದಗಳು ಹೆಚ್ಚಿದ್ದಷ್ಟೂ ಒಳ್ಳೆಯದು: ಮುತ್ತು, ಅಡಿ, ಕರಿ, ನೆರೆ. ಇಪ್ಪತ್ತೈದು ಚೀಟಿಯನ್ನು ಐದೈದರಂತೆ ಜೋಡಿಸಿ. ಮೊದಲು ಆಡುವ ತಂಡಕ್ಕೆ 9 ಪದ, ಇನ್ನೊಂದಕ್ಕೆ 8, ಯಾರದ್ದೂ ಅಲ್ಲದ್ದು 7, ಮುಟ್ಟಿದರೆ ಸೋಲು ಅನ್ನುವುದು 1. ಯಾವುದು ಯಾರದ್ದು ಎಂಬ ಪಟ್ಟಿ ಎರಡೂ ತಂಡದ ಸುಳಿವುಗಾರರ ಬಳಿ ಮಾತ್ರ. ಅವರು ಒಂದು ಪದ, ಒಂದು ಅಂಕಿ ಹೇಳಬೇಕು. “ಸಮುದ್ರ, ಎರಡು” ಅಂದರೆ ಮುತ್ತು, ಉಪ್ಪು. ಸೋಲಿನ ಪದ ‘ದೋಣಿ’ ಆಗಿದ್ದರೆ ಈ ಸುಳಿವು ಕೊಡಬಾರದಿತ್ತು! ಮೇಜಿನ ಮೇಲೆ ‘ಮರ’ ಇದ್ದಾಗ ‘ಮರಗೆಲಸ’ ಹೇಳಬಹುದೇ ಎಂಬ ಜಗಳ ಖಂಡಿತ ಬರುತ್ತದೆ. ಮೇಜಿನ ಮೇಲಿನ ಪದ ಒಳಗೆ ಇರುವ ಯಾವ ಸುಳಿವೂ ನಡೆಯುವುದಿಲ್ಲ ಎಂದು ಮೊದಲೇ ಮಾತಾಡಿಕೊಳ್ಳಿ.

ಒಟ್ಟಾಗಿ ಆಡುವ ಆಟ ಬೇಕು ಅನ್ನುವವರು ಪ್ಯಾಂಡೆಮಿಕ್ ಹೆಸರು ಹೇಳುತ್ತಾರೆ. (ಅದರ ಮ್ಯಾಪ್ ಮೇಲೆ ಚೆನ್ನೈ, ಮುಂಬೈ, ದೆಹಲಿ, ಕೋಲ್ಕತ್ತ ಇವೆ, ನಮ್ಮೂರು ಇಲ್ಲ.) ತೊಂದರೆ ಏನೆಂದರೆ ಆಟ ಗೊತ್ತಿರುವ ಒಬ್ಬರು ಉಳಿದ ಮೂವರಿಗೂ ಅಪ್ಪಣೆ ಕೊಡುತ್ತಾ ಕೂರುತ್ತಾರೆ. ಅದರ ಬದಲು ದಿ ಕ್ರೂ ನೋಡಿ. ಇಪ್ಪತ್ತೆಂಟು, ಜಡ್ಜ್‌ಮೆಂಟ್ ಆಡಿ ತುರುಪು ಗೊತ್ತಿರುವವರಿಗೆ ಐದೇ ನಿಮಿಷದಲ್ಲಿ ಹತ್ತುತ್ತದೆ. ಕೈಯಲ್ಲಿ ಏನಿದೆ ಎಂದು ಬಾಯಿಬಿಡುವಂತಿಲ್ಲವಾದ್ದರಿಂದ ಯಾರೂ ಯಾರ ಮೇಲೂ ದರ್ಬಾರು ಮಾಡಲಾಗದು. ಇಬ್ಬರೇ ಇದ್ದರೆ ಸ್ಪ್ಲೆಂಡರ್ ಅಥವಾ ಅಜುಲ್.

ಕೊಳ್ಳುವ ಮುನ್ನ ಒಮ್ಮೆ ಆಡಿ ನೋಡಿ. ಕೋರಮಂಗಲ, ಇಂದಿರಾನಗರದ ಕಡೆ ಬೋರ್ಡ್ ಗೇಮ್ ಇಟ್ಟಿರುವ ಕೆಫೆಗಳಿವೆ. ಆನ್‌ಲೈನ್‌ನಲ್ಲಿ ಎಲ್ಲ ಕಡೆಗಿಂತ ಅರ್ಧ ಬೆಲೆಗೆ ಸಿಕ್ಕರೆ ನಕಲು ಅಂತಲೇ ತಿಳಿಯಿರಿ. ಕಾರ್ಡ್‌ಗಳ ಹಿಂಬದಿಯ ಬಣ್ಣ ಒಂದರಂತೆ ಒಂದಿರುವುದಿಲ್ಲ, ಆಟಕ್ಕೆ ಅದೇ ಕುತ್ತು.

ಮೇಜಿನ ವಿಚಾರ. ಫ್ಯಾನ್ ಎರಡರ ಮೇಲೆ ಬೇಡ, ಕಾರ್ಡ್ ಗುಡ್ಡೆ ಹಾರುತ್ತದೆ. ಕಾಂಗ್ರೆಸ್ ಕಡಲೆಬೀಜ, ನಿಪ್ಪಟ್ಟು, ಬಜ್ಜಿ ಎಲ್ಲ ಬೇರೆ ಸ್ಟೂಲ್ ಮೇಲೆ. ಎಣ್ಣೆ ಬೆರಳು ತಾಗಿದ ಕಾರ್ಡ್ ಹಿಂದಿನಿಂದ ಗುರುತು ಸಿಗುತ್ತದೆ, ಒರೆಸಿದರೂ ಹೋಗದು. ತಿನ್ನಲೇಬೇಕಿದ್ದರೆ ಕಾರ್ಡ್‌ಗೆ ಸ್ಲೀವ್ (ತೆಳು ಪ್ಲಾಸ್ಟಿಕ್ ಕವರ್) ಹಾಕಿ. ಸ್ಪ್ಲೆಂಡರ್‌ನದು 63×88 ಮಿ.ಮೀ., ಉಳಿದ ಆಟದ್ದು ಅಳೆದೇ ಕೊಳ್ಳಿ. ಒಂದು ಮಿಲಿಮೀಟರ್ ಕಡಿಮೆಯಾದರೂ ಕಾರ್ಡ್ ಬಿಲ್ಲಿನಂತೆ ಬಾಗುತ್ತದೆ.

ಎತ್ತಿಡುವಾಗ ರಬ್ಬರ್‌ಬ್ಯಾಂಡ್ ಹಾಕಬೇಡಿ, ಅಂಚು ಕತ್ತರಿಸುತ್ತದೆ. ಬಣ್ಣಕ್ಕೊಂದು ಜಿಪ್‌ಲಾಕ್ ಕವರ್ ಸಾಕು, ಮಳೆಗಾಲದಲ್ಲಿ ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣವನ್ನೂ ಒಳಗೆ ಹಾಕಿ. ಟಿಕೆಟ್ ಟು ರೈಡ್‌ನಲ್ಲಿ ಆಟಗಾರರಿಗೆ ತಲಾ 45 ರೈಲು, ಪ್ರತಿ ಬಣ್ಣಕ್ಕೂ ಮೂರು ಹೆಚ್ಚುವರಿ ಕೊಟ್ಟಿರುತ್ತಾರೆ. ಅವನ್ನು ಬೇರೆ ಕವರ್‌ನಲ್ಲಿಡಿ, ಇಲ್ಲದಿದ್ದರೆ ಮುಂದಿನ ಸಲ ಯಾರಿಗೋ 48 ರೈಲು ಹೋಗಿ ಆಟ ಮುಗಿಯುವ ಲೆಕ್ಕವೇ ತಪ್ಪುತ್ತದೆ.