13ನೇ ಬಾರ್, 153ನೇ ಬಾರ್: ಲಿಸ್ಟ್ ಸೊನಾಟಾ ಕಲಿಸುವಾಗ ಕಾಣುವುದು

ಹಂಗೇರಿಯ ಸಂಯೋಜಕ ಫ್ರಾಂಜ್ ಲಿಸ್ಟ್ ಪಿಯಾನೊಗೆಂದು ಬರೆದ ಬಿ ಮೈನರ್ ಸೊನಾಟಾ ಕಲಿಯಲು ಕೂತವರು ಸಾಮಾನ್ಯವಾಗಿ ಮೊದಲ ಪುಟದಿಂದಲೇ ಹಿಡಿಯುತ್ತಾರೆ. ವಾರಕ್ಕೆ ಎರಡು ಪುಟ, ಕಷ್ಟ ಬಂದಲ್ಲಿ ವೇಗ ಹಿಡಿದಿಡುವ ಮೆಟ್ರೊನೋಮ್, ಬೆರಳು ಕೂತ ಮೇಲೆ ಮುಂದಿನ ಪುಟ. ಬೇರೆ ಪೀಸ್‌ಗಳಿಗೆ ಈ ಕ್ರಮ ನಡೆಯುತ್ತದೆ. ಇಲ್ಲಿ ಕೆಲಸ ಕೆಡುವುದೇ ಇದರಿಂದ. 760 ಬಾರ್ (ಸ್ವರಲಿಪಿಯಲ್ಲಿ ಗೆರೆ ಎಳೆದು ಬೇರ್ಪಡಿಸಿದ ತಾಳದ ಮನೆಗಳು), ಸುಮಾರು ಅರ್ಧ ಗಂಟೆ, ಬೆವರು ಒರೆಸಿಕೊಳ್ಳಲು ಎಲ್ಲೂ ಬಿಡುವಿಲ್ಲ. ಬೇರೆ ಬೇರೆ ಭಾಗಗಳಾಗಿ ನಿಲ್ಲಬೇಕಾದ್ದನ್ನು ಲಿಸ್ಟ್ ಒಂದೇ ಹರಿವಿನಲ್ಲಿ ಹೊಲಿದಿದ್ದಾನೆ. ಹೊಲಿಗೆಯ ದಾರವೆಂದರೆ ನಾಲ್ಕೈದು ಚಿಕ್ಕ ತುಣುಕುಗಳು. ಅವೇ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತವೆ. ಪುಟದ ಲೆಕ್ಕದಲ್ಲಿ ಕಲಿತವರಿಗೆ ಪ್ರತಿ ವೇಷವೂ ಹೊಸ ಪಾತ್ರದಂತೆ ಕಾಣುತ್ತದೆ, ಹಾಗೆಯೇ ನುಡಿಸುತ್ತಾರೆ.

ಇದು ಎದ್ದು ಕಾಣುವುದು 153ನೇ ಬಾರಿನಲ್ಲಿ. ಡಿ ಮೇಜರ್, ಕಾಂತಾಂದೊ ಎಸ್ಪ್ರೆಸ್ಸಿವೊ, ಅಂದರೆ ಹಾಡಿದಂತೆ ಭಾವ ತುಂಬಿ. ಅಲ್ಲಿಯವರೆಗೆ ಗಟ್ಟಿಯಾಗಿ ನುಡಿಸುತ್ತಿದ್ದ ವಿದ್ಯಾರ್ಥಿ ಇಲ್ಲಿ ನಿಟ್ಟುಸಿರು ಬಿಟ್ಟು ವೇಗ ಇಳಿಸಿ, ಶೋಪಾನ ನಾಕ್ಟರ್ನ್ (ಕನಸಿನಂಥ ನಿಧಾನದ ರಾತ್ರಿಗೀತೆ) ಸಿಕ್ಕಿತೆಂಬಂತೆ ಪ್ರತಿ ಸ್ವರವನ್ನೂ ಜಗ್ಗಲು ಶುರು ಮಾಡುತ್ತಾನೆ. ಆದರೆ ಆ ರಾಗ ಹೊಸದಲ್ಲ. 13ನೇ ಬಾರಿನಿಂದ ಎಡಗೈ ಕೆಳಗಿನ ಡಿ ಸ್ವರವನ್ನು ಸುತ್ತಿಗೆ ಏಟಿನಂತೆ ಒಂದೇ ಸಮ ಬಡಿಯುತ್ತದಲ್ಲ, ಅದೇ ತುಣುಕು. ಸ್ವರಗಳ ಕಾಲ ಎರಡು ಪಟ್ಟಾಗಿದೆ, ಕೆಳಗೆ ಮೆತ್ತನೆಯ ಹಾಸು ಬಂದಿದೆ, ಅಷ್ಟೇ.

ಮದ್ದು ಸರಳ. ಮೊದಲ ವಾರ 13 ಮತ್ತು 153, ಇವೆರಡನ್ನೇ ಬೆನ್ನುಬೆನ್ನಿಗೆ ನುಡಿಸಿ. ಮೊದಲು 153ರ ರಾಗವನ್ನು ಬಲಗೈಯಲ್ಲಿ, ಪೆಡಲ್ ಇಲ್ಲದೆ, 13ರ ಕಟುವಾದ ತಾಳದಲ್ಲಿ ನುಡಿಸಬೇಕು. ಆಮೇಲೆ 13ರ ಸುತ್ತಿಗೆಯನ್ನು ಲೆಗಾಟೊದಲ್ಲಿ, ಅಂದರೆ ಸ್ವರಗಳನ್ನು ಬೆಸೆದು, ಹಾಡಿಸಬೇಕು. ನಾಲ್ಕೈದು ದಿನದಲ್ಲಿ ಕಿವಿ ಎರಡನ್ನೂ ಒಂದೇ ಎಂದು ಹಿಡಿಯುತ್ತದೆ, 153ರಲ್ಲಿ ಜಗ್ಗುವುದು ತಾನಾಗಿ ಕಡಿಮೆಯಾಗುತ್ತದೆ. ಇದೇ ರಾಗ 616ರಲ್ಲಿ ಬಿ ಮೇಜರ್‌ನಲ್ಲಿ ಮರಳಿದಾಗ ಲಿಸ್ಟ್ ‘ಸೆನ್ಜಾ ಸ್ಲೆಂತಾರೆ’ ಎಂದು ಸೇರಿಸಿದ್ದಾನೆ: ವೇಗ ಇಳಿಸಬೇಡಿ. ಪಿಯಾನೊದವರ ಚಾಳಿ ಅವನಿಗೆ ಚೆನ್ನಾಗಿ ಗೊತ್ತಿತ್ತು.

13ರಲ್ಲಿ ಇನ್ನೊಂದು ತೊಂದರೆ ಬೆರಳಿನದು. ಒಂದೇ ಕೀಲಿಯ ಮೇಲೆ 3-2-1 ಎಂದು ಬೆರಳು ಬದಲಿಸಿದರೆ ಹೆಬ್ಬೆರಳಿನ ಏಟು ಮಾತ್ರ ದಪ್ಪವಾಗಿ, ಇಲ್ಲದ ಒತ್ತು ಕೇಳುತ್ತದೆ. ಒಂದೇ ಬೆರಳಿಟ್ಟು ಮಣಿಕಟ್ಟಿನಿಂದ ಹೊಡೆದು ನೋಡಿ; ಯಾವುದು ಸಮವಾಗಿ ಬರುತ್ತದೋ ಅದೇ ನಿಮ್ಮ ಫಿಂಗರಿಂಗ್. ಅಪ್‌ರೈಟ್ ಪಿಯಾನೊದಲ್ಲಿ ಕೀಲಿ ಹೆಚ್ಚುಕಮ್ಮಿ ಪೂರ್ತಿ ಮೇಲೆದ್ದ ಮೇಲೆಯೇ ಮುಂದಿನ ಏಟು ಹುಟ್ಟುತ್ತದೆ, ಗ್ರ್ಯಾಂಡ್‌ನಲ್ಲಿ ಅರ್ಧಕ್ಕೇ ಸಾಕು. ಬೆಂಗಳೂರಿನ ಮಳೆಗಾಲದಲ್ಲಿ ಒಳಗಿನ ಫೆಲ್ಟ್, ಮರ ಉಬ್ಬಿ ಕೀಲಿ ಇನ್ನಷ್ಟು ಮಂದವಾಗುತ್ತದೆ. ಸ್ವರ ನುಂಗಿಹೋದರೆ ಕೈಯನ್ನು ಬೈಯುವ ಮೊದಲು ಟ್ಯೂನರ್‌ಗೆ ಫೋನ್ ಮಾಡಿ.

ಈಗ ಮೊದಲ ಪುಟಕ್ಕೆ ಬರೋಣ. ಲೆಂತೊ ಅಸ್ಸಾಯಿ, ಅಂದರೆ ತೀರಾ ನಿಧಾನ; ಮೊಟಕು ಜಿ ಸ್ವರಗಳು, ಅವುಗಳ ನಡುವೆ ಮೌನ, ಆಮೇಲೆ ಇಳಿಯುವ ಎರಡು ಸ್ಕೇಲ್. ಎರಡೂ ಒಂದೇ ಅಲ್ಲ. ಜಿ ಸ್ವರವನ್ನು ಷಡ್ಜ ಎಂದುಕೊಂಡರೆ ಮೊದಲನೆಯದು ನಮ್ಮ ತೋಡಿಯ ಅವರೋಹಣದ ಸ್ವರಗಳೇ, ಎರಡನೆಯದು ಸಿಂಹೇಂದ್ರಮಧ್ಯಮದವು. ಸಂಗೀತ ಕಲಿತ ಮನೆಯ ಮಕ್ಕಳಿಗೆ ಹೀಗೆ ಹೇಳಿದರೆ ಎರಡನೇ ಸ್ಕೇಲ್‌ನ ಎಫ್ ಶಾರ್ಪ್, ಸಿ ಶಾರ್ಪ್ ತಪ್ಪುವುದಿಲ್ಲ. ರಾಗದ ಗುಂಗು ಮಾತ್ರ ಬೇಡ, ಲಿಸ್ಟ್‌ನ ತಲೆಯಲ್ಲಿ ಇದ್ದದ್ದು ಹಂಗೇರಿಯ ಜಿಪ್ಸಿ ಸ್ಕೇಲ್. ನಡುವಿನ ಮೌನವನ್ನು ಎಣಿಸಿಯೇ ನುಡಿಸಬೇಕು. ‘ಫೀಲ್’ ಮಾಡಿ ಬಿಟ್ಟ ಮೌನ ವೇದಿಕೆಯ ಮೇಲೆ ಅರ್ಧಕ್ಕರ್ಧ ಕುಗ್ಗುತ್ತದೆ.

ತುಣುಕುಗಳಿಗೆ ಒಂದೊಂದು ಬಣ್ಣದ ಪೆನ್ಸಿಲ್ ಹಚ್ಚಿ: ಇಳಿಯುವ ಸ್ಕೇಲ್, 8ನೇ ಬಾರಿನ ಆಕ್ಟೇವ್ ಜಿಗಿತ, 13ರ ಸುತ್ತಿಗೆ, 105ರ ಗ್ರಾಂದಿಯೋಸೊ (ಭವ್ಯವಾಗಿ), 331ರ ಆಂದಾಂತೆ (ನಿಧಾನದ ನಡೆ). 460ರ ಫ್ಯೂಗಾಟೊಗೆ (ಧ್ವನಿಗಳು ಒಂದರ ಹಿಂದೊಂದು ಒಂದೇ ರಾಗ ಹಿಡಿದು ಬರುವ ಭಾಗ) ಬರುವಾಗ ಎರಡು ಬಣ್ಣ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಅಲ್ಲಿನ ಮೂರು ಧ್ವನಿಗಳೂ 8 ಮತ್ತು 13ನ್ನು ಸೇರಿಸಿದ ಒಂದೇ ವಿಷಯವನ್ನು ಹಿಡಿದುಕೊಂಡು ಬರುತ್ತವೆ, ಅದೂ ಬಿ ಫ್ಲ್ಯಾಟ್ ಮೈನರ್‌ನಲ್ಲಿ, ಮನೆಯ ಶ್ರುತಿಗಿಂತ ಅರ್ಧ ಸ್ವರ ಕೆಳಗೆ. ನಿಧಾನದ ಭಾಗ ಮುಗಿದ ಉತ್ಸಾಹದಲ್ಲಿ ಇದನ್ನು ಓಡಿಸಿಬಿಡುವವರೇ ಹೆಚ್ಚು. ಬರಹ ದಟ್ಟವಾಗುತ್ತಾ ಹೋಗಿ, 533ರಲ್ಲಿ ಬಿ ಮೈನರ್ ಮರಳುವಾಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ. 530ರ ಆಸುಪಾಸು ಸ್ವಚ್ಛವಾಗಿ ಬರುವ ವೇಗ ಯಾವುದೋ, 460ರಲ್ಲೂ ಅದೇ ಇರಲಿ.

ಗ್ರಾಂದಿಯೋಸೊ ಬಗ್ಗೆ ಒಂದೇ ಮಾತು: ಅದು 105, 600, 700ರಲ್ಲಿ ಬರುತ್ತದೆ, ಮೂರನೆಯದೇ ಶಿಖರ. ರಾಗವನ್ನೂ ಬೇಸನ್ನೂ ಮಾತ್ರ ಒಂದು ವಾರ ನುಡಿಸಿ, ನಡುವಿನ ಕಾರ್ಡ್‌ಗಳನ್ನು ಆಮೇಲೆ ತೂರಿಸಿದರೆ ಗದ್ದಲ ತಗ್ಗುತ್ತದೆ. ಆಂದಾಂತೆಯಲ್ಲೂ ಇದೇ ಲೆಕ್ಕ. ಅಲ್ಲಿಯ ಮೂರು ಎಫ್ (fff, ಅತಿ ಗಟ್ಟಿಯಾಗಿ ಎಂಬ ಗುರುತು) 395ರಲ್ಲಿ ಇದೆ, ಅದಕ್ಕೂ ಮೊದಲೇ ಖಾಲಿ ಮಾಡಿಕೊಳ್ಳಬೇಡಿ.

ಎಲ್ಲರೂ ಹೆದರುವುದು 650ರ ನಂತರದ ಆಕ್ಟೇವ್‌ಗಳಿಗೆ (ಒಂದೇ ಸ್ವರದ ಮೇಲು-ಕೆಳಗಿನ ಜೋಡಿಗೆ). ಸ್ಟ್ರೆತ್ತಾ ಕ್ವಾಸಿ ಪ್ರೆಸ್ತೊ (ಹೆಚ್ಚುಕಮ್ಮಿ ವೇಗವಾಗಿ), 673ರಲ್ಲಿ ಪ್ರೆಸ್ತೊ (ವೇಗವಾಗಿ), 682ರಲ್ಲಿ ಪ್ರೆಸ್ತಿಸ್ಸಿಮೊ (ಅತಿ ವೇಗವಾಗಿ), ಹೀಗೆ ಮೂರು ಮೆಟ್ಟಿಲು. ಲಿಸ್ಟ್ ಮೆಟ್ರೊನೋಮ್ ಅಂಕಿ ಕೊಟ್ಟಿಲ್ಲವಾದ್ದರಿಂದ ಲೆಕ್ಕ ಕೊನೆಯಿಂದ ಹಾಕಬೇಕು. 682ರಲ್ಲಿ ತಪ್ಪಿಲ್ಲದೆ ಸಾಧ್ಯವಾಗುವ ವೇಗವನ್ನು ಮೊದಲು ಹಿಡಿದು, ಅಲ್ಲಿಂದ ಎರಡು ಮೆಟ್ಟಿಲು ಇಳಿದರೆ 650ರ ವೇಗ ಸಿಗುತ್ತದೆ. 650ರಲ್ಲೇ ಗರಿಷ್ಠಕ್ಕೆ ಹೋದವರಿಗೆ 682ರಲ್ಲಿ ಹೋಗಲು ಜಾಗವೇ ಇರುವುದಿಲ್ಲ.

ಮುಂಗೈ ಕಲ್ಲಾಗುವುದು ಶಕ್ತಿ ಸಾಲದೆ ಅಲ್ಲ. ಒಂದು ಆಕ್ಟೇವ್‌ನಿಂದ ಇನ್ನೊಂದಕ್ಕೆ ಹೋಗುವಾಗಲೂ ಕೈ ಬಿಗಿದುಕೊಂಡೇ ಇರುವುದರಿಂದ. ಮೆಟ್ರೊನೋಮ್ ಕ್ರೊಚೆಟ್ 88ರಲ್ಲಿ (ನಿಮಿಷಕ್ಕೆ 88 ಕಾಲು ಸ್ವರ) ಇಟ್ಟು ಹೆಬ್ಬೆರಳಿನ ಸಾಲನ್ನು ಮಾತ್ರ, ಆಮೇಲೆ ಕಿರುಬೆರಳಿನ ಸಾಲನ್ನು ಮಾತ್ರ ನುಡಿಸಿ, ನಂತರ ಕೂಡಿಸಿ. ಕಪ್ಪು ಕೀಲಿಗೆ 4ನೇ ಬೆರಳು ತಲುಪುವವರು ಅದನ್ನೇ ಬಳಸಲಿ. ನಾಲ್ಕು ನಾಲ್ಕು ಅಂಕಿಯಂತೆ ಏರಿಸಿ. ನೋವು ಬಂದ ದಿನ ಅಲ್ಲಿಗೇ ನಿಲ್ಲಿಸಿ. ಇನ್ನು ಬೆಳಿಗ್ಗೆ ಕೈ ತಾಜಾ ಇದ್ದಾಗ ಇದನ್ನು ನುಡಿಸಿ ಖುಷಿಪಟ್ಟು ಪ್ರಯೋಜನವಿಲ್ಲ. ವೇದಿಕೆಯಲ್ಲಿ ಇದು ಇಪ್ಪತ್ತೈದನೇ ನಿಮಿಷದ ಹತ್ತಿರ ಬರುತ್ತದೆ. ಕೊನೆಯ ಎರಡು ತಿಂಗಳು 460ರಿಂದ 710ರವರೆಗೆ ನಿಲ್ಲದೆ, ವಾರಕ್ಕೆ ಮೂರು ಸಲ. ಡಿಜಿಟಲ್ ಪಿಯಾನೊದಲ್ಲಿ ಅಭ್ಯಾಸ ಮಾಡುವವರು ಈ ಹೊತ್ತಿಗೆ ವಾರಕ್ಕೊಮ್ಮೆಯಾದರೂ ಗ್ರ್ಯಾಂಡ್ ಮುಂದೆ ಕೂರಬೇಕು, ಅರ್ಧ ಪೆಡಲ್ (ಪೆಡಲನ್ನು ಅರ್ಧಕ್ಕಷ್ಟೇ ಒತ್ತುವುದು) ಅಲ್ಲೇ ಕಲಿಯುವಂಥದ್ದು.

1853ರಲ್ಲಿ ಸೊನಾಟಾ ಮುಗಿಸಿದಾಗ ಲಿಸ್ಟ್ ಅಬ್ಬರದ ಮುಕ್ತಾಯವನ್ನೇ ಬರೆದಿದ್ದ. ಹಸ್ತಪ್ರತಿಯಲ್ಲಿ ಅದನ್ನು ಹೊಡೆದುಹಾಕಿ ಈಗಿನ ಮೆಲುದನಿಯ ಪುಟಗಳನ್ನು ಸೇರಿಸಿದ. 1857ರ ಜನವರಿಯಲ್ಲಿ ಬರ್ಲಿನ್‌ನಲ್ಲಿ ಪಿಯಾನೊ ವಾದಕ ಹಾನ್ಸ್ ಫಾನ್ ಬ್ಯೂಲೊ ಮೊದಲ ಬಾರಿಗೆ ಸಾರ್ವಜನಿಕವಾಗಿ ನುಡಿಸಿದ್ದೂ ಈ ಮುಕ್ತಾಯದೊಂದಿಗೇ. 710ರ ನಂತರದ ಮೌನವನ್ನು ಆತುರದಲ್ಲಿ ತಿಂದುಬಿಟ್ಟರೆ 711ರ ಆಂದಾಂತೆ ಅಂಟಿಸಿದ ಚೀಟಿಯಂತೆ ಕೇಳುತ್ತದೆ. ಆಕ್ಟೇವ್ ಮುಗಿದ ಉಸಿರು ತಹಬಂದಿಗೆ ಬರುವಷ್ಟು ಕಾಯಿರಿ, ಕೈ ಕೀಲಿಯ ಹತ್ತಿರವೇ ಇರಲಿ.

729ರಲ್ಲಿ ಎಡಗೈಗೆ ಮತ್ತೆ ಸುತ್ತಿಗೆ ಬರುತ್ತದೆ, ಈ ಸಲ ಗೋಡೆಯಾಚೆ ಕೇಳಿಸಿದಂತೆ. 13ರ ಅದೇ ಬೆರಳು, ಅದೇ ಮಣಿಕಟ್ಟು. ಕೀಲಿಯ ಮೇಲಿಂದ ಬೀಳದೆ ಕೀಲಿಗೆ ತಾಗಿಯೇ ಹೊರಡಬೇಕು. 750ರಲ್ಲಿ ಮೊದಲ ಪುಟದ ಸ್ಕೇಲ್. ಮೇಲಿನ ಕಾರ್ಡ್‌ಗಳು ಮುಗಿದ ಮೇಲೆ ಪಿಯಾನೊದ ತೀರಾ ಕೆಳಗಿನ ಬಿ ಸ್ವರ, ಮೊಟಕಾಗಿ. ಅದಕ್ಕೆ ಪೆಡಲ್ ಬೇಡ, ಒತ್ತೂ ಬೇಡ. ಬೆರಳು ತೆಗೆದ ಮೇಲೂ ಕೈಯನ್ನು ತೊಡೆಗೆ ತರಬೇಡಿ: ಉಳಿದ ಮೌನವನ್ನೂ ಎಣಿಸಿ.